ಅಟ್ಟದಲ್ಲಿ ಸಿಕ್ಕ ಕ್ಯಾಸೆಟ್ಟು, ಬೂಷ್ಟು ಹಿಡಿದಿದೆ

ಉಡುಪಿ ಅಜ್ಜರಕಾಡಿನ ಮನೆಯಲ್ಲಿ ಸೋದರಮಾವನ ಹಾಡಿನ ತಂಡದ ಸಿ-90 (ತೊಂಬತ್ತು ನಿಮಿಷದ) ಕ್ಯಾಸೆಟ್ಟು ಸಿಕ್ಕಿತು. ಯಾರದೋ ಗ್ಯಾರೇಜಿನಲ್ಲಿ ಕೊಡಪಾನ ಬಡಿಯುತ್ತಾ, ಬಸ್ ಟಿಕೆಟ್ಟಿನ ಅಕ್ಷರಗಳನ್ನೇ ಗಂಭೀರ ರಾಗದಲ್ಲಿ ಹಾಡುತ್ತಿದ್ದರಂತೆ. ಮಾವ ಈಗಿಲ್ಲ. ಟೇಪಿನ ಅಂಚೆಲ್ಲ ಬಿಳಿ ಬೂಷ್ಟು. ಹಾಕಿ ಕೇಳಲೇ?

ಉತ್ತರ: ದಯವಿಟ್ಟು ಬೇಡ! ಬೂಷ್ಟು ಪ್ಲೇಯರಿನಲ್ಲಿ ಟೇಪು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ನಮ್ಮ ಮಳೆಗಾಲದ ತೇವ ಟೇಪಿಗೆ ಶತ್ರು. ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿಟ್ಟು ಒಣಗಿಸಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯದು.

ಉತ್ತರ: ಮಂಗಳೂರಿನಿಂದ. ಅಪ್ಪನ ಟೇಪು ಹೀಗೇ ಉಳಿಸಿದೆ. ಹೆಡ್ಡಿನ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂ ತುಸು ತಿರುಗಿಸಿದ್ದೇ ಮಂಕು ದನಿ ತೆರೆದುಕೊಂಡಿತು, ಕಣ್ಣು ತುಂಬಿತು. ಕಂಪ್ಯೂಟರಿಗೆ 24 ಬಿಟ್‌ನ ಡಿಜಿಟಲ್ ಫೈಲಾಗಿ ಇಳಿಸಿಕೊಳ್ಳಿ. ಜನರ ನಗು, ಕೆಮ್ಮು ಅಳಿಸಬೇಡಿ, ಅದೂ ಹಾಡೇ.

ಒಣಗಲು ಇಟ್ಟೆ. ಲೇಬಲ್ಲಿನಲ್ಲಿ ಮಾವನ ಕೈಬರಹ: ‘ಎರಡನೇ ಬದಿ, ಕೊಡಪಾನ ತೂತಾದ ದಿನ.’