ಫೆಸೆಂಟ್ ಶೂಟ್‌ಗೆ ‘ಬೀಟರ್’ ಆಗಿ ಬನ್ನಿ ಅಂತ ಕರೆದಿದ್ದಾರೆ, ಹೋಗಬಹುದಾ?

ಹೆರೆಫರ್ಡ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಹೆರೆಫರ್ಡ್‌ಶೈರ್‌ನ ಒಂದು ಹಳ್ಳಿಯಲ್ಲಿ ಇದು ನಮ್ಮ ಎರಡನೇ ಚಳಿಗಾಲ. ಪಕ್ಕದ ಮನೆಯ ಅಜ್ಜ ಎರಡು ಸ್ಪ್ಯಾನಿಯಲ್ ಸಾಕಿದ್ದಾರೆ. ಶನಿವಾರ ಬೆಳಿಗ್ಗೆ ನಾಯಿಗಳನ್ನ ಗಾಡಿಗೆ ಹತ್ತಿಸಿಕೊಂಡು ಹೋದರೆ ಕತ್ತಲಾದ ಮೇಲೆ ಮೈಯೆಲ್ಲ ಕೆಸರು ಮಾಡಿಕೊಂಡು ಬರ್ತಾರೆ. ಮೊನ್ನೆ ಎರಡು ಫೆಸೆಂಟ್‌ಗಳ (ಕೋಳಿ ಜಾತಿಯ, ಉದ್ದ ಬಾಲದ ಹಕ್ಕಿ) ಕತ್ತಿಗೆ ದಾರ ಬಿಗಿದು ನಮ್ಮ ಬಾಗಿಲ ಹಿಡಿಗೆ ನೇತುಹಾಕಿ ಹೋಗಿದ್ದರು, ಗರಿ ಸಮೇತ. ಶಾಲೆಯಿಂದ ಬಂದ ಮಗ ಕಿಟಾರನೆ ಕಿರುಚಿದ.

ಈಗ ಅವರ ಶೂಟ್‌ಗೆ, ಅಂದ್ರೆ ಈ ಹಕ್ಕಿಗಳಿಗೆ ಕೋವಿಯಿಂದ ಹೊಡೆಯೋ ಕೂಟಕ್ಕೆ, ‘ಈ ಶನಿವಾರ ಬೀಟರ್‌ಗಳು ಕಡಿಮೆ, ಮೂವರೂ ಬನ್ನಿ’ ಅಂತ ಕರೀತಿದ್ದಾರೆ. ಬೀಟರ್‌ಗೆ ಏನು ಕೆಲಸ? ಕೋವಿ ಹಿಡಿದವರ ಎದುರಿಗೇ ನಡೆದು ಹೋಗೋದು ಅಪಾಯ ಅಲ್ವಾ? ಲೈಸೆನ್ಸ್ ಏನಾದ್ರೂ ಬೇಕಾ? ಮಗನಿಗೆ ಹನ್ನೊಂದು ವರ್ಷ. ನಾವು ಮಾಂಸ ತಿನ್ನುವವರೇ, ಅದರಲ್ಲಿ ತಕರಾರಿಲ್ಲ. ಆದರೆ ಸಾಕಿ ಬಿಟ್ಟ ಹಕ್ಕಿಗೆ ಈಡು ಹೊಡೆಯೋದು ಯಾವ ಸೀಮೆ ಬೇಟೆ ಅಂತ ಯಜಮಾನರು ಕೇಳ್ತಿದ್ದಾರೆ. ಹೋದವರು ಯಾರಾದ್ರೂ ಇದ್ರೆ ಹೇಳಿ.

ಕೊಪ್ಪದ ಗೌಡ, ಶ್ರಾಪ್‌ಶೈರ್

ಹೋಗಿ ಬನ್ನಿ ಮೇಡಂ. ಇಲ್ಲಿನ ಒಂದು ಸಣ್ಣ ಸಿಂಡಿಕೇಟ್ ಶೂಟ್‌ಗೆ (ಕೆಲವರು ಸೇರಿ ಖರ್ಚು ಹಂಚಿಕೊಂಡು ನಡೆಸೋದು) ನಾನು ಹಲವು ವರ್ಷದಿಂದ ಬೀಟಿಂಗ್‌ಗೆ ಹೋಗ್ತಾ ಇದ್ದೀನಿ. ನಮ್ಮ ಕಡೆ ಹಿಂದೆಲ್ಲ ಕೆಲವರು ಬಿಲ್ಲಿಗೆ ನಿಲ್ಲೋದು (ಕೋವಿ ಹಿಡಿದು ಕಾಯೋದು), ಉಳಿದವರು ಹಳು ನುಗ್ಗೋದು (ಪೊದೆ ನುಗ್ಗಿ ಪ್ರಾಣಿ ಎಬ್ಬಿಸೋದು) ಅಂತ ಇತ್ತಲ್ಲ, ಇಲ್ಲಿ ನಾನು ಹಳು ನುಗ್ಗುವವನು. ಹಳ್ಳಿಯ ಪ್ಲಂಬರ್, ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗಿಯರು ಎಲ್ಲ ಸಾಲಿನಲ್ಲಿ ಇರ್ತಾರೆ. ಈ ಊರಿನ ಜನ ನನ್ನ ಹೆಸರು ಸರಿಯಾಗಿ ಕರೆಯೋಕೆ ಕಲಿತಿದ್ದೇ ಬೀಟರ್‌ಗಳ ಟ್ರೇಲರ್‌ನಲ್ಲಿ, ಒಣಹುಲ್ಲಿನ ಪಿಂಡಿ ಮೇಲೆ ಕೂತು.

ಕೆಲಸ ಏನು ಅಂದ್ರೆ, ದಿನಕ್ಕೆ ನಾಲ್ಕೈದು ಡ್ರೈವ್, ಅಂದ್ರೆ ಹಕ್ಕಿ ಓಡಿಸೋ ಸುತ್ತು, ಇರುತ್ತೆ. ಎಂಟೊಂಬತ್ತು ಜನ ಶೂಟರ್‌ಗಳು ಬೆಳಿಗ್ಗೆ ಚೀಟಿ ಎತ್ತಿ ತಮ್ಮ ಪೆಗ್ (ನಿಲ್ಲೋ ಜಾಗದ ಗೂಟ) ನಂಬರ್ ತಿಳ್ಕೊಂಡು ಕಣಿವೆಯ ತಳದಲ್ಲಿ ಸಾಲಾಗಿ ನಿಲ್ತಾರೆ. ಒಬ್ಬನಿಗೇ ಒಳ್ಳೆ ಜಾಗ ಸಿಗಬಾರದು ಅಂತ ಪ್ರತಿ ಡ್ರೈವ್‌ಗೂ ಎರಡೆರಡು ನಂಬರ್ ಸರೀತಾರೆ. ನಾವು ಗುಡ್ಡದ ಹಿಂದಿನಿಂದ ಕಾಡಿನೊಳಗೆ ಅಥವಾ ಹಕ್ಕಿಗಾಗಿಯೇ ಬಿತ್ತಿದ ಜೋಳದೊಳಗೆ ಸಾಲು ಹಿಡಿದು, ಕೋಲಿನಿಂದ ಮರಕ್ಕೆ ಟಕ್ ಟಕ್ ಬಡೀತಾ ಬರಬೇಕು. ಕೂಗಾಟ ಬೇಡ.

ಫೆಸೆಂಟ್‌ಗೆ ಹಾರೋದು ಅಂದ್ರೆ ಸೋಮಾರಿತನ, ಆದಷ್ಟೂ ಓಡುತ್ತೆ. ಹಾಗೆ ಓಡಿಸ್ತಾ ಓಡಿಸ್ತಾ ಕಾಡಿನ ಅಂಚಿಗೆ ತಂದಾಗ ಮುಂದೆ ತರಗೆಲೆ ಚರಚರ ಅನ್ನೋದು ಕೇಳಿಸುತ್ತೆ, ಹಕ್ಕಿ ಒಂದೂ ಕಾಣಲ್ಲ. ಆಗ ಕೀಪರ್ (ಹಕ್ಕಿ ಸಾಕಿ ನೋಡಿಕೊಳ್ಳೋನು) ರೇಡಿಯೋದಲ್ಲಿ ‘ಸಾಲು ನಿಲ್ಲಿಸಿ’ ಅಂತಾನೆ. ನಿಂತಲ್ಲೇ ನಿಂತು ಕೋಲು ಮಾತ್ರ ಆಡಿಸಬೇಕು. ಮೊದಲು ಒಂದು ಹುಂಜ ಕೊಕ್ಕೊಕ್ ಅಂತ ರೆಕ್ಕೆ ಬಡಿದು ನೆಟ್ಟಗೆ ಮೇಲೇಳುತ್ತೆ, ಆಮೇಲೆ ಒಂದು, ಆಮೇಲೆ ಎರಡು. ಹಾಗೆ ಬಿಡಿಬಿಡಿಯಾಗಿ ಎದ್ದರೇ ಡ್ರೈವ್ ಗೆದ್ದ ಹಾಗೆ. ಯಾರೋ ಒಬ್ಬ ನಾಯಿ ಬಿಟ್ಟೋ, ಅವಸರಪಟ್ಟು ಎರಡು ಹೆಜ್ಜೆ ಮುಂದಿಟ್ಟೋ ಎಲ್ಲ ಒಟ್ಟಿಗೆ ಭರ್ರಂತ ಎದ್ದರೆ ಮುಗೀತು. ಕೆಳಗೆ ನಿಂತವರ ಕೋವಿಯಲ್ಲಿ ಎರಡೆರಡೇ ತೋಟಾ ಇರೋದು, ಮತ್ತೆ ತುಂಬೋದರೊಳಗೆ ಹಕ್ಕಿ ಆಚೆ ಗುಡ್ಡದಲ್ಲಿ. ಆಗ ಕೀಪರ್ ಬಾಯಿಂದ ಬರುವ ಮಾತನ್ನ ಮಗನಿಗೆ ಕೇಳಿಸಬೇಡಿ. ಪಾಪ, ಬೇಸಿಗೆಯಲ್ಲಿ ಏಳೆಂಟು ವಾರದ ಮರಿ ತಂದು ಪೆನ್‌ಗೆ (ಬೇಲಿ ಹಾಕಿದ ಆವರಣಕ್ಕೆ) ಬಿಟ್ಟಾಗಿಂದ ಗೋಧಿ ಹಾಕಿ, ನರಿ ಕಾದು ಸಾಕಿರ್ತಾನೆ. ಆ ಹಕ್ಕಿ ಯಾವ ಮೂಲೆಯಿಂದ ಎದ್ದು ಯಾರ ತಲೆ ಮೇಲೆ ಹೋಗಬೇಕು ಅನ್ನೋದನ್ನ ಆಗಲೇ ಲೆಕ್ಕ ಹಾಕಿರ್ತಾನೆ. ಶೂಟರ್‌ಗಳು ಊಟಕ್ಕೆ ಕೂತು ತಮ್ಮ ಗುರಿ ಬಗ್ಗೆ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಲಿ, ಆಟ ಆಡಿಸೋನು ಕೀಪರ್.

ಅಪಾಯದ ಬಗ್ಗೆ: ಹಕ್ಕಿಯ ಹಿಂದೆ ಆಕಾಶ ಕಾಣದಿದ್ದರೆ ಈಡು ಹಾರಿಸುವ ಹಾಗಿಲ್ಲ. ತಗ್ಗಿನಲ್ಲಿ ಹೋಗುವ ಹಕ್ಕಿಗೆ ಹೊಡೆದವನನ್ನ ಅಲ್ಲೇ ಕೋವಿ ಮುಚ್ಚಿಸಿ ಮನೆಗೆ ಕಳಿಸಿದ್ದನ್ನ ನೋಡಿದ್ದೀನಿ. ದೂರದಿಂದ ಬಲ ಕಳೆದುಕೊಂಡ ಚರೆ ಎಲೆ ಮೇಲೆ ಉದುರೋದುಂಟು. ಆ ಸದ್ದಿಗೆ ತಲೆ ಎತ್ತಿ ನೋಡಬೇಡಿ, ಟೋಪಿ ಹಾಕಿಕೊಳ್ಳಿ. ಕೊನೆಗೆ ಹಾರ್ನ್ ಊದಿದ ಮೇಲೆ ಕೋವಿ ಖಾಲಿ.

ಬೀಟರ್‌ಗೆ ಲೈಸೆನ್ಸ್ ಬೇಡ. ಮಗ ಬರಲಿ, ಅಜ್ಜನ ಪಕ್ಕದಲ್ಲೇ ಇರಲಿ. ಟ್ವೀಡ್ ಕೊಳ್ಳೋಕೆ ಹೋಗಬೇಡಿ, ಅದು ಪೆಗ್‌ನವರ ವೇಷ. ಬೆಳಗಿನ ಇಬ್ಬನಿಯ ಜೋಳದಲ್ಲಿ ತೊಡೆವರೆಗೂ ನೆನೀತೀರಿ, ಬ್ರಾಂಬಲ್ ಮುಳ್ಳು ಬೇರೆ. ಉದ್ದ ಬೂಟು, ಮೇಲೆ ನೀರು ತಡೆಯೋ ಪ್ಯಾಂಟು, ಹಳೇ ಜಾಕೆಟ್ಟು ಸಾಕು. ಸಂಜೆ ಕೂಲಿ ಮತ್ತು ಒಂದು ಜೋಡಿ ಹಕ್ಕಿ ಕೊಡ್ತಾರೆ. ವೀಸಾದಲ್ಲಿ ಇದ್ದರೆ ದುಡ್ಡು ಮುಟ್ಟೋ ಮುಂಚೆ ನಿಬಂಧನೆ ನೋಡಿಕೊಳ್ಳಿ.

ಯಾರ್ಕಿನ ಭಟ್ಟ

ಗೌಡರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಅವರ ಯಜಮಾನರ ಪ್ರಶ್ನೆಯನ್ನ ನಯವಾಗಿ ದಾಟಿಬಿಟ್ಟಿರಿ! ಈ ದೇಶದಲ್ಲಿ ವರ್ಷಕ್ಕೆ 3 ಕೋಟಿಗೂ ಹೆಚ್ಚು ಫೆಸೆಂಟ್ ಸಾಕಿ ಬಿಡ್ತಾರೆ. ಶೂಟ್‌ಗೆ ಸಿಗೋದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ನರಿಗೆ, ರೋಗಕ್ಕೆ, ಕಾರಿನ ಚಕ್ರಕ್ಕೆ. ಅಕ್ಟೋಬರ್‌ನಲ್ಲಿ ನಮ್ಮ ಕಡೆ ರಸ್ತೆ ನೋಡಿದರೆ ಸಾಕು. ಪೆನ್ನಿನಲ್ಲಿ ಇರುವಾಗ ಸಾಕುಪ್ರಾಣಿ, ಬೇಲಿ ದಾಟಿದ ಕೂಡಲೇ ಕಾಡುಹಕ್ಕಿ. ಅನುಕೂಲಕ್ಕೆ ತಕ್ಕ ಕಾನೂನು. ಇಷ್ಟೊಂದು ಹಕ್ಕಿ ಕಾಡಿನ ನೆಲ ಕೆದಕಿ ಹಾಳುಮಾಡುತ್ತೆ ಅಂತ ವನ್ಯಜೀವಿ ಸಂಘಟನೆಯೊಂದು ಕೋರ್ಟಿಗೆ ಹೋದ ಮೇಲೇ, 2021ರಿಂದ, ಇಂಗ್ಲೆಂಡಿನ ಕೆಲವು ಸಂರಕ್ಷಿತ ತಾಣಗಳು ಮತ್ತು ಅವುಗಳ ಸುತ್ತ 500 ಮೀಟರ್‌ನೊಳಗೆ ಹಕ್ಕಿ ಬಿಡಲು ಲೈಸೆನ್ಸ್ ಬಂದದ್ದು.

ಚಟ ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ 1913ರ ಡಿಸೆಂಬರ್ ಇದೆಯಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನ ಹಾಲ್ ಬಾರ್ನ್‌ನಲ್ಲಿ ಐದನೇ ಜಾರ್ಜ್ ಇದ್ದ ಪಾರ್ಟಿ ಒಂದೇ ದಿನ 3,937 ಫೆಸೆಂಟ್ ಕೆಡವಿತು. ಅವತ್ತು ಅತಿಯಾಯ್ತೇನೋ ಅಂತ ಆಮೇಲೆ ರಾಜನಿಗೇ ಅನಿಸಿತಂತೆ.

ಪೊನ್ನಂಪೇಟೆ ಪುಟ್ಟ

ನಾನು ಒಮ್ಮೆ ಆಫೀಸಿನ ಲೆಕ್ಕದಲ್ಲಿ ಪೆಗ್ ಮೇಲೆ ನಿಂತವನು. ಮನೆಯಲ್ಲಿ ಕೋವಿ ಇರುವ ಊರಿನವನು ಅನ್ನೋ ಜಂಬ ಎರಡನೇ ಡ್ರೈವ್‌ಗೇ ಇಳೀತು, ಗಾಳಿ ಹಿಡಿದು ಬರೋ ಎತ್ತರದ ಹಕ್ಕಿಗೆ ಎಷ್ಟು ಮುಂದೆ ಗುರಿ ಇಡಬೇಕೋ ಗೊತ್ತೇ ಆಗಲ್ಲ. ದೊಡ್ಡ ಶೂಟ್‌ಗಳು ಒಂದೊಂದು ಶೂಟ್ ದಿನವನ್ನ ಹೊಡೆಯೋ ಹಕ್ಕಿಗೆ 40–50 ಪೌಂಡ್ ಲೆಕ್ಕದಲ್ಲಿ ಮಾರ್ತವೆ. ಅದರ ಮೇಲೆ ಕೀಪರ್‌ಗೆ ಕೈ ಕುಲುಕುವಾಗ ಮಡಚಿ ಕೊಡೋ ನೋಟು ಬೇರೆ. ಹಕ್ಕಿ ಮೇಲೇಳೋದು ಒಂದು ಗಿನಿಗೆ (21 ಶಿಲಿಂಗ್), ತೋಟಾ ಸಿಡಿಯೋದು ಒಂದು ಪೆನ್ನಿ ಕಾಸಿಗೆ, ಕೆಳಗೆ ಬೀಳೋದು ಅರ್ಧ ಕ್ರೌನ್ (ಎರಡೂವರೆ ಶಿಲಿಂಗ್) ಬೆಲೆಯದ್ದು ಅಂತ ಇಲ್ಲಿನ ಹಳಬರ ಗಾದೆ. ಈಗಲೂ ಲೆಕ್ಕ ಅಷ್ಟೇ ತಲೆಕೆಳಗು. ಬೀಟಿಂಗೇ ವಾಸಿ, ಮೈಯಾದ್ರೂ ಬಿಸಿಯಾಗುತ್ತೆ.

ಕೊಪ್ಪದ ಗೌಡ, ಶ್ರಾಪ್‌ಶೈರ್

ಭಟ್ಟರೇ, ದಾಟಿದ್ದು ನಿಜ, ಈಗ ಹೇಳ್ತೀನಿ. ಇದು ಬೇಟೆ ಅಲ್ಲ, ಸಾಕಣೆಯ ಕೊನೆಯ ದಿನ. 2022ರಲ್ಲಿ ಫ್ರಾನ್ಸ್‌ನಲ್ಲಿ ಹಕ್ಕಿಜ್ವರ ಬಂದು ಅಲ್ಲಿಂದ ಮೊಟ್ಟೆ, ಮರಿ ಬರೋದು ನಿಂತಾಗ ಇಲ್ಲಿ ಎಷ್ಟೋ ಶೂಟ್‌ಗಳು ಆ ವರ್ಷದ ದಿನಗಳನ್ನೇ ರದ್ದು ಮಾಡಿದವು. ಇನ್ನೂರು, ಮುನ್ನೂರು ಹಕ್ಕಿಯ ದಿನಗಳಿಗೆ ನಾನೂ ಹೋಗಲ್ಲ, ಗೇಮ್ ಕಾರ್ಟ್‌ನಲ್ಲಿ (ಹೊಡೆದ ಹಕ್ಕಿ ನೇತುಹಾಕೋ ಗಾಡಿ) ರಾಶಿ ನೇತಾಡೋದು ನೋಡಿದರೆ ಊಟ ಸೇರಲ್ಲ. ಆದರೆ ನಮ್ಮಂಥ ಸಣ್ಣ ಶೂಟ್ ನಿಂತರೆ ಆ ಕಾಡಿನಂಚಿನ ಬೇಲಿಗಿಡ, ಚಳಿಗಾಲಕ್ಕೆ ಬಿಟ್ಟ ಜೋಳದ ಪಟ್ಟಿ ಯಾರು ಉಳಿಸ್ತಾರೆ? ಆ ಕಾಳಿಗೆ ಗುಬ್ಬಿ, ಫಿಂಚ್ ಕೂಡ ಬರ್ತವೆ. ಫಾರಂ ಕೋಳಿ ತಿಂತಾ ಇದನ್ನ ಮಾತ್ರ ಬೈಯೋದು ನನ್ನ ಕೈಲಾಗಲ್ಲ. ನೀವು ಎರಡೂ ತಿನ್ನದವರು, ಬೈಯಿರಿ, ಹಕ್ಕು ಇದೆ.

ಮೇಡಂ, ಅಜ್ಜನನ್ನ ಒಂದು ಮಾತು ಕೇಳಿ: ದಿನಕ್ಕೆ ಎಷ್ಟು ಹೊಡೀತಾರೆ, ಹೊಡೆದದ್ದೆಲ್ಲ ಯಾರ ಅಡುಗೆಮನೆಗೆ ಹೋಗುತ್ತೆ. ಉತ್ತರ ಸರಿಬಂದರೆ ಯಜಮಾನರನ್ನೂ ಕರ್ಕೊಂಡು ಹೋಗಿ.

ಹೆರೆಫರ್ಡ್ ಕನ್ನಡತಿ

ಎಲ್ಲರಿಗೂ ಥ್ಯಾಂಕ್ಸ್. ಕೇಳಿದೆ. ನೂರು ದಾಟಲ್ಲವಂತೆ, ಬೀಟರ್‌ಗಳು, ಶೂಟರ್‌ಗಳು ಹಂಚಿಕೊಂಡು ಉಳಿದದ್ದು ಊರಿನ ಕಟುಕನ ಅಂಗಡಿಗೆ. ನಾನೂ ಮಗನೂ ಹೋಗ್ತಿದ್ದೀವಿ, ಯಜಮಾನರು ‘ನೋಡೋಣ’ ಅಂದಿದ್ದಾರೆ. ಬಾಗಿಲಿಗೆ ಕಟ್ಟಿದ್ದ ಜೋಡಿ ಇನ್ನೂ ಶೆಡ್‌ನಲ್ಲಿ ನೇತಾಡ್ತಿದೆ. ಅದನ್ನೇನು ಮಾಡಲಿ?

ಕೊಪ್ಪದ ಗೌಡ, ಶ್ರಾಪ್‌ಶೈರ್

ಈ ಚಳಿಗೆ ನಾಲ್ಕೈದು ದಿನ ನೇತಾಡಿದರೆ ಏನೂ ಆಗಲ್ಲ, ರುಚಿ ಏರುತ್ತೆ. ಗರಿ ಕೀಳ್ತಾ ಕೂರಬೇಡಿ, ಚರ್ಮ ಸಮೇತ ಸುಲಿದುಬಿಡಿ. ಕಾಲಿನ ನರ ತಂತಿ ಇದ್ದ ಹಾಗೆ, ಎಳೆದು ತೆಗೀರಿ. ಎದೆಯ ಮಾಂಸವನ್ನ ಬೇರೆ ಇಟ್ಟು ಕೊನೆಯಲ್ಲಿ ಹಾಕಿ, ಇಲ್ಲದಿದ್ದರೆ ನಾರಾಗುತ್ತೆ. ಉಳಿದದ್ದು ನಾಟಿಕೋಳಿ ಸಾರಿನ ಮಸಾಲೆಯೇ, ಮೆಣಸು ಸ್ವಲ್ಪ ಮುಂದಿರಲಿ, ಪಕ್ಕಕ್ಕೆ ಕಡುಬು. ಚರೆ ಹೊಕ್ಕ ಜಾಗದಲ್ಲಿ ಗರಿಯ ಚೂರು ಒಳಗೆ ಹೋಗಿ ಕಪ್ಪಾಗಿರುತ್ತೆ, ಅಲ್ಲಿ ಬೆರಳು ಹಾಕಿ ತಡಕಿ ತೆಗೀರಿ. ಮಗನಿಗೆ ಹಲ್ಲು ಜೋಪಾನ ಅಂತ ಹೇಳೇ ಬಡಿಸಿ.