ದೇವರು ನನ್ನನ್ನು ಯಾವುದಕ್ಕೆ ಕರೆದಿದ್ದಾರೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ:
ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಯೆರೆಮೀಯ 29:11 (ನಿಮಗೆ ಒಳ್ಳೇ ಭವಿಷ್ಯ, ನಿರೀಕ್ಷೆ ಕೊಡ್ತೀನಿ ಅನ್ನೋ ದೇವರ ಮಾತು) ಹಿಡಿದು ಪ್ರಾರ್ಥನೆ ಮಾಡ್ತಾನೇ ಇದ್ದೀನಿ, ಆದರೂ ದೇವರ ಚಿತ್ತ ಸ್ಪಷ್ಟ ಆಗ್ತಿಲ್ಲ. ಈಗಿನ ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಬೇಕಾ? ಗಿದ್ಯೋನನ ಹಾಗೆ ಗುರುತು ಕೇಳಬಹುದಾ?

ಉತ್ತರ 1:
ವಂದನೆಗಳು. ಆ ವಚನ ಒಂದನ್ನೇ ಓದಬೇಡಿ, ಅಧ್ಯಾಯದ ಮೊದಲಿಂದ ಓದಿ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. 10ನೇ ವಚನದಲ್ಲಿ 70 ವರ್ಷ ಅಂತಿದೆ. ಅಂದರೆ ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಊರಿಗೆ ಮರಳೋದನ್ನ ನೋಡೋ ಹಾಗೇ ಇರಲಿಲ್ಲ. ಅಷ್ಟು ವರ್ಷ ಮಾಡಬೇಕಾದ್ದು 5ರಿಂದ 7ರಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ, ಆ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ.

ಗಿದ್ಯೋನ ಇಬ್ಬನಿಯ ಗುರುತಿಗಾಗಿ ಕುರಿಯ ತುಪ್ಪಟ ಇಡೋ ಹೊತ್ತಿಗೆ, ಇಸ್ರಾಯೇಲ್ಯರನ್ನ ಬಿಡಿಸು ಅನ್ನೋ ದೇವರ ಅಪ್ಪಣೆ ಆಗಲೇ ಸಿಕ್ಕಿತ್ತು (ನ್ಯಾಯಸ್ಥಾಪಕರು 6:14). ಒಂದು ಗುರುತು ಸಿಕ್ಕ ಮೇಲೂ ಅವನಿಗೆ ಇನ್ನೊಂದು ಬೇಕಾಯ್ತು ನೋಡಿ.

ಉತ್ತರ 2:
'ದೇವರ ಚಿತ್ತ' ಅಂತ ನೇರವಾಗಿ ಹೇಳಿರೋ ಕಡೆ ಏನಿದೆ? 1 ಥೆಸಲೋನಿಕ 4:3ರಲ್ಲಿ ಪರಿಶುದ್ಧ ಜೀವನ, 5:18ರಲ್ಲಿ ಕೃತಜ್ಞತೆ. ಅಲ್ಲಿಂದ ಶುರು ಮಾಡಿ.

ಆಮೇಲೆ ವರ, ಅಂದರೆ ಸಭೆಯ ಸೇವೆಗೆ ದೇವರು ಕೊಡೋ ಸಾಮರ್ಥ್ಯ. ರೋಮಾಪುರ 12:6-8ರಲ್ಲಿ 7 ವರಗಳಿವೆ. ಬೋಧಿಸೋ ವರ ಇದೆ ಅನ್ನಿಸಿದರೆ ಸಭಾಪಾಲಕರನ್ನ ಕೇಳಿ ಸಂಡೇ ಸ್ಕೂಲಿನ ಒಂದು ತರಗತಿ 3 ತಿಂಗಳು ನಡೆಸಿ. ಪ್ರತಿ ವಾರ ಬರೆದಿಡಿ: ಏನು ಕಲಿಸಿದೆ, ತಯಾರಿಗೆ ಕೂತಾಗ ಮನಸ್ಸು ಹೇಗಿತ್ತು, ಹಿಂದಿನ ವಾರದ ಪಾಠವನ್ನ ಮಕ್ಕಳು ತಮ್ಮ ಮಾತಲ್ಲಿ ತಿರುಗಿ ಹೇಳಿದರಾ. ಈ ಮೂರನೆಯದೇ ಮುಖ್ಯ. ಕೊನೆಗೆ, ಮುಖದ ಮೇಲೆ ಸತ್ಯ ಹೇಳೋ ಇಬ್ಬರು ವಿಶ್ವಾಸಿಗಳನ್ನ ವಿಚಾರಿಸಿ.

ಹೆಚ್ಚಿನವರು ಎಡವೋದು ಕೆಲಸದ ಬೇಸರವನ್ನೇ ಕರೆ ಅಂದುಕೊಂಡಾಗ. ಮನಸ್ಸು ಕುಗ್ಗಿರುವಾಗ ಹಿಂದಿನ ನಿರ್ಧಾರ ಬದಲಿಸಬಾರದು ಅಂತ 16ನೇ ಶತಮಾನದಲ್ಲೇ ಯೇಸು ಸಭೆ (ಜೆಸ್ವಿಟ್) ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ ನಿಯಮ ಮಾಡಿದ್ದರು. ಅದು ಈಗಲೂ ಸರಿ.

ಉತ್ತರ 3:
ಸೇವೆಗೆ ಹೋದರಷ್ಟೇ ಕರೆ ಅನ್ನೋದನ್ನ ದಯವಿಟ್ಟು ಬಿಡಿ. ಪೌಲ ಕೊರಿಂಥದಲ್ಲಿ ಗುಡಾರ ಮಾಡ್ತಿದ್ದ (ಅಪೊಸ್ತಲರ ಕೃತ್ಯಗಳು 18:3). 16:6-10 ಕೂಡ ಓದಿ: ಏಷ್ಯ (ಆಗಿನ ರೋಮನ್ ಪ್ರಾಂತ್ಯ), ಬಿಥೂನ್ಯ ಎರಡು ಕಡೆಯೂ ಹೋಗದಂತೆ ಪೌಲನ ತಂಡಕ್ಕೆ ದೇವರಿಂದ ತಡೆ, ಆಮೇಲೆ ತ್ರೋವ ಪಟ್ಟಣದಲ್ಲಿ ಮಕೆದೋನ್ಯದ ದರ್ಶನ. ಹೊರಟಿದ್ದಕ್ಕೇ ಅವರಿಗೆ ತಡೆ ಗೊತ್ತಾಗಿದ್ದು.

ಪ್ರಶ್ನೆ ಕೇಳಿದವರು:
3 ತಿಂಗಳಾದರೂ ಏನೂ ತಿಳಿಯದಿದ್ದರೆ?

ಉತ್ತರ 2:
ಇನ್ನೊಂದು ವರ ಪರೀಕ್ಷಿಸಿ. ರೋಗಿಗಳನ್ನ ಭೇಟಿ ಮಾಡೋದು, ಸಭೆಯ ಲೆಕ್ಕಪತ್ರ, ಯಾವುದಾದರೂ ಸರಿ. ಅಲ್ಲಿವರೆಗೂ ರಾಜೀನಾಮೆ ಮಾತ್ರ ಕೊಡಬೇಡಿ.