ಮೇಲೆ ನಮ್ಮ ಹೆಸರು, ಸೀಟಿನಲ್ಲಿ ಬೇರೆಯವರು: ಐರ್ಲೆಂಡ್‌ನಲ್ಲಿ ಮಕ್ಕಳ ಜೊತೆ ರೈಲಿನಲ್ಲಿ ಕಿಲಾರ್ನಿಗೆ ಹೋಗೋದು ಹೇಗೆ?

ಡಬ್ಲಿನ್ 15, ಬಂದು 7 ತಿಂಗಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅತ್ತೆ ಊರಿಗೆ ವಾಪಸ್ ಹೊರಡುತ್ತಾರೆ. ಅಷ್ಟರಲ್ಲಿ ಅವರಿಗೆ ಇಲ್ಲಿನ ಪ್ರವಾಸಿ ಊರು ಕಿಲಾರ್ನಿ ತೋರಿಸಬೇಕು ಅಂತ ಆಸೆ. ನಮ್ಮ ಹತ್ತಿರ ಕಾರಿಲ್ಲ, ರೈಲೇ ಗತಿ. ಮಗಳಿಗೆ 6 ವರ್ಷ, ಮಗನಿಗೆ 10 ತಿಂಗಳು.

ನನಗೆ ಭಯ ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ದಿನದ ಹಿಂದೆ ಒಂದು ಶುಕ್ರವಾರ ಸಂಜೆ ರೈಲು ಹತ್ತಿದ್ದೆವು. ಸೀಟು ಬುಕ್ ಮಾಡಿದ್ದೆವು. ಸೀಟಿನ ಮೇಲಿನ ಎಲೆಕ್ಟ್ರಾನಿಕ್ ಪಟ್ಟಿಯಲ್ಲಿ ನನ್ನ ಹೆಸರು ಬರುತ್ತಿತ್ತು. ಕೆಳಗೆ ಒಬ್ಬರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು, ಎದುರಿಗೆ ಇನ್ನಿಬ್ಬರು. ನನಗೆ ಕೇಳಲು ಬಾಯೇ ಬರಲಿಲ್ಲ. ನಮ್ಮೆಜಮಾನರು "ಬಿಡು, ಮುಂದಿನ ಸ್ಟೇಷನ್‌ನಲ್ಲಿ ಅವರೇ ಇಳಿಯಬಹುದು" ಅಂದರು. ಅವರು ಇಳಿಯಲಿಲ್ಲ. ಅತ್ತೆ ಬಾಗಿಲ ಹತ್ತಿರ ಸೂಟ್‌ಕೇಸ್ ಮೇಲೆ ಕೂತರು. ನಾನು ಪಾಪುವನ್ನು ಎತ್ತಿಕೊಂಡು ನಿಂತೆ.

ಮಗಳು ಈಗಷ್ಟೇ ಓದಲು ಕಲಿಯುತ್ತಿದ್ದಾಳೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಆ ಪಟ್ಟಿ ಓದಿದಳು. "ಅಮ್ಮಾ, ಅದು ನಿನ್ನ ಹೆಸರು. ಮತ್ತೆ ನೀನ್ಯಾಕೆ ನಿಂತಿದೀಯ?" ಅಂದಳು. ಅವಳಿಗೆ ಏನು ಹೇಳಬೇಕು ಅಂತ ಇವತ್ತಿಗೂ ಗೊತ್ತಾಗುತ್ತಿಲ್ಲ.

ಪ್ರ್ಯಾಮ್ (ಪಾಪುವಿನ ತಳ್ಳುಗಾಡಿ) ಎಲ್ಲಿಡುವುದು? ಡಯಾಪರ್ ಬದಲಿಸಲು ಜಾಗ ಇರುತ್ತಾ? ಊಟ ಸಿಗುತ್ತಾ? ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಏನಂತ ಕೇಳಬೇಕು? ದಯವಿಟ್ಟು ತಿಳಿಸಿ.

ಸ್ವೋರ್ಡ್ಸ್, 14 ವರ್ಷದಿಂದ

ತಂಗಿ, ಮೊದಲು ಡ್ರೈವಿಂಗ್ ಲೈಸೆನ್ಸ್ ಕೆಲಸ ಶುರು ಮಾಡಿ. ಥಿಯರಿ ಟೆಸ್ಟ್ ಬರೆಯಿರಿ, ಲರ್ನರ್ ಪರ್ಮಿಟ್ ತಗೊಳ್ಳಿ, 12 ಪಾಠ ಮುಗಿಸಿ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಕಾರು ಬೇಕೇ ಬೇಕು. ಮಗು ಅತ್ತರೆ ಪಕ್ಕಕ್ಕೆ ನಿಲ್ಲಿಸಬಹುದು. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಲಿಮರಿಕ್, ನರ್ಸ್

ಕಾರಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಾವು ಹದಿನೈದು ವರ್ಷ ಎಲ್ಲಾ ಕಡೆ ಕಾರಲ್ಲೇ ಓಡಾಡಿದೆವು. ನೈಟ್ ಡ್ಯೂಟಿ ಮುಗಿಸಿ ಬಂದು ನಾನು ಮುಂದಿನ ಸೀಟಿನಲ್ಲಿ ನಿದ್ದೆ, ಇವರ ಕಣ್ಣು ರಸ್ತೆ ಮೇಲೆ, ಹಿಂದೆ ಮಕ್ಕಳ ಕಿವಿಯಲ್ಲಿ ಹೆಡ್‌ಫೋನ್. ಈಗ ದೊಡ್ಡವಳು ಡಬ್ಲಿನ್‌ನಲ್ಲಿ ಓದುತ್ತಾಳೆ. ಹೋದ ವರ್ಷ ಅವಳ ಜೊತೆ ರೈಲಿನಲ್ಲಿ ಹೋದೆ. ಎದುರುಬದುರು ಕೂತು, ನಡುವೆ ಮೇಜು. ಎರಡು ಗಂಟೆಯಲ್ಲಿ ಅವಳು ಅಷ್ಟು ವರ್ಷ ಹೇಳದ ಮಾತೆಲ್ಲಾ ಹೇಳಿದಳು. ಅವರು ಚಿಕ್ಕವರಿದ್ದಾಗಲೇ ಹೀಗೆ ಕೂರಬೇಕಿತ್ತು ಅಂತ ಎಷ್ಟು ಸಲ ಅನ್ನಿಸಿದೆಯೋ.

ನಾಲ್ಕು ಸೀಟಿನ ಮೇಜೇ ಬುಕ್ ಮಾಡಿ.

ಗಾಲ್ವೇ, 22 ವರ್ಷದಿಂದ

ಎಲ್ಲರೂ ಸೀಟು, ಕಾರು ಅಂತಿದ್ದೀರಿ. ಆ ಮಗು ಕೇಳಿದ್ದು ಹೆಸರಿನ ಪ್ರಶ್ನೆ. ಅದನ್ನು ಯಾರೂ ಮುಟ್ಟಲಿಲ್ಲ.

ನಮ್ಮವರು ಇಲ್ಲಿಗೆ ಬಂದ ತಕ್ಷಣ ಮೊದಲು ಬಿಡುವುದೇ ಹೆಸರು. ಮೂರು ಅಕ್ಷರದ ಹೆಸರನ್ನು ಒಂದಕ್ಷರಕ್ಕೆ ಇಳಿಸುತ್ತಾರೆ. "ಇವರ ಬಾಯಲ್ಲಿ ತಿರುಗಲ್ಲ" ಅನ್ನುತ್ತಾರೆ. ಶಿವಾನ್, ನೀವ್, ಈಫಾ. ಇವು ನಿಮ್ಮ ಮಗಳ ತರಗತಿಯಲ್ಲೇ ಇರುವ ಐರಿಶ್ ಹೆಸರುಗಳು. ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ. ಒಬ್ಬ ತಾಯಿಯಾದರೂ ಹೊರಗಿನವರಿಗೆ ಕಷ್ಟ ಅಂತ ಸ್ಪೆಲಿಂಗ್ ಬದಲಿಸಿದ್ದಾಳಾ?

ನಮ್ಮ ಗಾಲ್ವೇ ಸ್ಟೇಷನ್‌ಗೆ ಏಮನ್ ಕ್ಯಾಂಟ್ ಅವರ ಹೆಸರಿದೆ. ಹುಟ್ಟಿದಾಗ ಅವರ ಹೆಸರು ಎಡ್ವರ್ಡ್ ಕೆಂಟ್. ಅದನ್ನು ಐರಿಶ್ ಭಾಷೆಗೆ ತಿರುಗಿಸಿಕೊಂಡರು. 1916ರಲ್ಲಿ ಇಲ್ಲಿ ಬ್ರಿಟಿಷ್ ಆಳ್ವಿಕೆ ವಿರುದ್ಧ ಎದ್ದ ದಂಗೆಯ ಮುಂದಾಳುಗಳಲ್ಲಿ ಅವರೂ ಒಬ್ಬರು, ದಂಗೆ ಆದ ಮೇಲೆ ಬ್ರಿಟಿಷರು ಅವರನ್ನು ಗುಂಡಿಟ್ಟು ಕೊಂದರು. ನೀವು ರೈಲು ಹತ್ತುವ ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್ ಇದೆಯಲ್ಲ, ಅದಕ್ಕಿರುವುದು ಶಾನ್ ಹ್ಯೂಸ್ಟನ್ ಅವರ ಹೆಸರು. ರೈಲ್ವೆಯಲ್ಲೇ ಗುಮಾಸ್ತರಾಗಿದ್ದವರು, ಅದೇ ದಂಗೆಯಲ್ಲಿದ್ದವರು. ಅವರನ್ನೂ ಅದೇ ದಿನ ಕೊಂದರು, 1916ರ ಮೇ 8. ದಂಗೆಗೆ ಐವತ್ತು ವರ್ಷ ತುಂಬಿದಾಗ, 1966ರಲ್ಲಿ, 15 ಸ್ಟೇಷನ್‌ಗಳಿಗೆ ಇಂಥವರ ಹೆಸರಿಟ್ಟರು. ನಮ್ಮ ಬೆಂಗಳೂರು ಸ್ಟೇಷನ್‌ಗೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಅವನನ್ನೂ ಬ್ರಿಟಿಷರು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಇದನ್ನು ಮಗಳಿಗೆ ಹೇಳಿ. ಅಂಥ ಸ್ಟೇಷನ್‌ನಲ್ಲಿ ರೈಲು ಹತ್ತಿ ತನ್ನ ಹೆಸರಿನ ಕೆಳಗೆ ತಾನು ಕೂರಲು ಹೆದರಿಕೆ ಯಾಕೆ?

ಲೆಕ್ಸ್‌ಲಿಪ್

ಗಾಲ್ವೇ ಅಣ್ಣ ಹೇಳಿದ್ದು ನಿಜ. ನನ್ನ ಮಗ 9 ವರ್ಷದವನು, ರೈಲು ಅಂದರೆ ಪ್ರಾಣ. ಇಂಟರ್‌ಸಿಟಿ ರೈಲು ಕೊರಿಯಾದಿಂದ ಬಂದದ್ದು, ಕಾರ್ಕ್ ಮಾರ್ಗದ ಬೋಗಿಗಳು ಸ್ಪೇನ್‌ನವು ಅಂತ ಹೇಳುತ್ತಾನೆ. ಇಲ್ಲಿ ಹಳಿಗಳ ಅಗಲ 1600 ಮಿಲಿಮೀಟರ್, ಭಾರತದ ಬ್ರಾಡ್‌ಗೇಜ್ 1676 ಅಂತ ಶಾಲೆಯಲ್ಲಿ ಎದ್ದು ನಿಂತು ಹೇಳಿದನಂತೆ. ಟೀಚರ್ ಬೋರ್ಡ್ ಮೇಲೆ ಬರೆಸಿದರು. ಅವನ ಪೂರ್ತಿ ಹೆಸರು ನಾಲ್ಕಕ್ಷರ. ಕ್ಲಾಸಿನವರೆಲ್ಲಾ ಪೂರ್ತಿಯಾಗೇ ಕರೆಯುತ್ತಾರೆ.

ಸ್ವೋರ್ಡ್ಸ್, 14 ವರ್ಷದಿಂದ

ಹೆಸರು ಮೊಟಕು ಮಾಡಿದವರಲ್ಲಿ ನಾನೂ ಒಬ್ಬ. 2011ರಲ್ಲಿ ಕೆಲಸ ಹುಡುಕುವಾಗ ನಿಮಗೆ ಗೊತ್ತಿರಲಿಲ್ಲ ನಮ್ಮ ಪರಿಸ್ಥಿತಿ. ಮನೆ ಬಾಡಿಗೆ ಕಟ್ಟಬೇಕಿತ್ತು. ಅದಕ್ಕೂ ರೈಲಿಗೂ ಏನು ಸಂಬಂಧ? ಕಾರಿದ್ದರೆ ಈ ಸಮಸ್ಯೆಯೇ ಇಲ್ಲ.

ಗಾಲ್ವೇ, 22 ವರ್ಷದಿಂದ

ನಿಮ್ಮ ಕಷ್ಟ ಅರ್ಥ ಆಗುತ್ತೆ. ನಾನು ಮಕ್ಕಳ ಬಗ್ಗೆ ಹೇಳುತ್ತಿದ್ದೇನೆ. ಇಲ್ಲಿನ ಸಂವಿಧಾನ 1937ರದ್ದು. ಅದರಲ್ಲಿ ಐರಿಶ್ ಮೊದಲ ಅಧಿಕೃತ ಭಾಷೆ. ದಿನಾ ಮನೆಯಲ್ಲಿ ಆಡುವವರು ಕಡಿಮೆ. ಆದರೂ ಸ್ಟೇಷನ್ ಬೋರ್ಡಿನಲ್ಲಿ ಐರಿಶ್ ಹೆಸರು ಬಿಟ್ಟಿಲ್ಲ, ರೈಲಿನ ಘೋಷಣೆಯಲ್ಲೂ ಬಿಟ್ಟಿಲ್ಲ. ನಾವು ಮನೆಯಲ್ಲಿ ಕನ್ನಡ ಬಿಟ್ಟು, ಆಮೇಲೆ ಮಗು ಅಜ್ಜಿ ಹತ್ತಿರ ಫೋನಲ್ಲಿ ಮಾತಾಡಲ್ಲ ಅಂತ ಅಳುತ್ತೇವೆ.

ಡಬ್ಲಿನ್ 15, ಬಂದು 7 ತಿಂಗಳು

ಎಲ್ಲರಿಗೂ ಧನ್ಯವಾದ. ಮಗಳಿಗೆ ರಾಯಣ್ಣನ ವಿಷಯ ಖಂಡಿತ ಹೇಳುತ್ತೇನೆ. ಆದರೆ ಪ್ರ್ಯಾಮ್ ಏನು ಮಾಡಲಿ?

ಕಾರ್ಕ್, ಎರಡು ಮಕ್ಕಳ ತಾಯಿ

ಅಯ್ಯೋ, ನಿಮ್ಮ ಪ್ರಶ್ನೆ ಹಾಗೇ ಉಳಿದುಹೋಯಿತು. ನಾನು ಈ ಮಾರ್ಗದಲ್ಲಿ ಮಕ್ಕಳ ಜೊತೆ ತುಂಬಾ ಓಡಾಡಿದ್ದೇನೆ.

ಶುಕ್ರವಾರ ಸಂಜೆ, ಭಾನುವಾರ ಸಂಜೆ ಬೇಡವೇ ಬೇಡ. ಆಗ ವಿದ್ಯಾರ್ಥಿಗಳೆಲ್ಲಾ ಊರಿಗೆ ಹೋಗಿ ಬರುವ ಹೊತ್ತು. ವಾರದ ನಡುವೆ, ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆ ತೆಗೆದರೆ ಕಡಿಮೆಯೂ ಆಗುತ್ತೆ. 10 ತಿಂಗಳ ಮಗನಿಗೆ ಟಿಕೆಟ್ ಬೇಡ. 66 ದಾಟಿದವರ ಉಚಿತ ಪಾಸ್ ಇಲ್ಲೇ ಕಾಯಂ ಇರುವವರಿಗೆ ಮಾತ್ರ. ಅತ್ತೆಯವರಿಗೆ ಟಿಕೆಟ್ ತೆಗೆಯಲೇಬೇಕು.

ಹ್ಯೂಸ್ಟನ್‌ಗೆ ಲುವಾಸ್ ಟ್ರ್ಯಾಮ್‌ನ ಕೆಂಪು ಮಾರ್ಗ ಸೀದಾ ಬರುತ್ತೆ. ಅರ್ಧ ಗಂಟೆ ಮುಂಚೆ ಹೋಗಿ, ಗೇಟ್ ತೆಗೆಯುವ ಮೊದಲೇ ಸಾಲು ಇರುತ್ತೆ. ಕಿಲಾರ್ನಿಗೆ ಸಾಮಾನ್ಯವಾಗಿ ಮ್ಯಾಲೋದಲ್ಲಿ ರೈಲು ಬದಲಿಸಬೇಕು. ನೇರ ರೈಲೂ ಇದೆ, ಬುಕ್ ಮಾಡುವಾಗ ಅದನ್ನೇ ನೋಡಿ. ಮೂರು ಗಂಟೆ ಮೇಲೆ ಹಿಡಿಯುತ್ತೆ.

ಮಡಚುವ ಸಣ್ಣ ಪ್ರ್ಯಾಮ್ ಒಯ್ಯಿರಿ. ಮಡಚಿ ಲಗೇಜ್ ಜಾಗದಲ್ಲಿ ಇಡಬಹುದು. ಡಯಾಪರ್ ಬದಲಿಸಲು ವೀಲ್‌ಚೇರ್ ಹೋಗುವ ದೊಡ್ಡ ಟಾಯ್ಲೆಟ್‌ನಲ್ಲಿ ಮಡಚುವ ಹಲಗೆ ಇರುತ್ತೆ. ಅದರ ಬಾಗಿಲು ಗುಂಡಿ ಒತ್ತಿದರೆ ಮುಚ್ಚುತ್ತೆ, ಆದರೆ ಲಾಕ್ ಆಗುವುದಿಲ್ಲ. ಲಾಕ್ ಗುಂಡಿ ಬೇರೆ ಇದೆ. ಅತ್ತೆಗೆ ಮುಂಚೆಯೇ ತೋರಿಸಿಕೊಡಿ. ನಮ್ಮಮ್ಮನಿಗೆ ನಾನು ಹೇಳಲು ಮರೆತಿದ್ದೆ. ಪಾಪ, ತುಂಬಾ ಮುಜುಗರ ಪಟ್ಟರು.

ತಿಂಡಿ ಗಾಡಿ ಎಲ್ಲಾ ರೈಲಿನಲ್ಲಿ ಬರುವುದಿಲ್ಲ. ಬಂದರೂ ಟೀ, ಬಿಸ್ಕತ್ತು, ಸ್ಯಾಂಡ್‌ವಿಚ್ ಅಷ್ಟೇ. ಊಟ ಕಟ್ಟಿಕೊಂಡು ಹೋಗಿ. ಫ್ಲಾಸ್ಕ್‌ನಲ್ಲಿ ಬಿಸಿನೀರು ಮರೆಯಬೇಡಿ.

ಸೀಟಿನ ವಿಷಯ. ಜನ ಕೆಟ್ಟವರಲ್ಲ. ಪಟ್ಟಿ ನೋಡದೆ ಕೂತಿರುತ್ತಾರೆ, ಅಥವಾ ಬುಕ್ ಮಾಡಿದವರು ಬಂದಿಲ್ಲ ಅಂದುಕೊಳ್ಳುತ್ತಾರೆ. ಫೋನಿನಲ್ಲಿ ಟಿಕೆಟ್ ತೆರೆದು ಕೈಯಲ್ಲಿ ಹಿಡಿದುಕೊಳ್ಳಿ. "ಸಾರಿ, ಐ ಥಿಂಕ್ ದೀಸ್ ಆರ್ ಅವರ್ ಸೀಟ್ಸ್" ಅಂತ ನಗುಮುಖದಲ್ಲಿ ಹೇಳಿ. ನಾನು ಕೇಳಿದಾಗೆಲ್ಲಾ ಎದ್ದಿದ್ದಾರೆ. ಒಬ್ಬ ಹುಡುಗ ನಮ್ಮ ಬ್ಯಾಗನ್ನೂ ಮೇಲಿಟ್ಟು ಹೋದ.

ಕಿಲ್‌ಡೇರ್ ಹತ್ತಿರ ಕರ್ರಾ ಬಯಲಿನಲ್ಲಿ ಕುರಿ ಮಂದೆ ಕಾಣುತ್ತೆ, ಮಗಳಿಗೆ ತೋರಿಸಿ.

ಸ್ವೋರ್ಡ್ಸ್, 14 ವರ್ಷದಿಂದ

ಆದರೂ ಲರ್ನರ್ ಪರ್ಮಿಟ್‌ಗೆ ಈಗಲೇ ಅರ್ಜಿ ಹಾಕಿ ತಂಗಿ. ಟೆಸ್ಟ್‌ಗೆ ಮುಂಚೆ 6 ತಿಂಗಳು ಕಾಯಬೇಕಾಗುತ್ತೆ.

ಡಬ್ಲಿನ್ 15, ಬಂದು 7 ತಿಂಗಳು

ಕಾರ್ಕ್ ಅಕ್ಕ, ತುಂಬಾ ಉಪಕಾರ ಆಯಿತು. ಬರುವ ಬುಧವಾರಕ್ಕೆ ಮೇಜಿನ ನಾಲ್ಕು ಸೀಟು ಬುಕ್ ಮಾಡಿದೆವು. ಈ ಸಲ ಒಂದು ಸೀಟಿಗೆ ಮಗಳ ಹೆಸರೇ ಹಾಕಿದ್ದೇನೆ, ಪೂರ್ತಿ ಹೆಸರು. ನೀವು ಹೇಳಿದ ಆ ಇಂಗ್ಲಿಷ್ ಮಾತನ್ನು ನಾನು ಅಡುಗೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದರೆ ಅತ್ತೆಯೂ ಕಲಿತುಬಿಟ್ಟರು.

ಇನ್ನೊಂದೇ ಒಂದು ಕೇಳುತ್ತೇನೆ. ಚಿತ್ರಾನ್ನ ಒಯ್ದರೆ ಪಕ್ಕದವರಿಗೆ ವಾಸನೆ ತೊಂದರೆ ಆಗುತ್ತಾ?

ಕಾರ್ಕ್, ಎರಡು ಮಕ್ಕಳ ತಾಯಿ

ಇಲ್ಲಮ್ಮ, ಒಯ್ಯಿರಿ. ಒಂದು ಚಮಚ ಜಾಸ್ತಿ ಇಟ್ಟುಕೊಳ್ಳಿ, ಹೋದ ಸಲ ಎದುರು ಕೂತಿದ್ದ ಅಜ್ಜಿ ನನ್ನ ಹತ್ತಿರ ಕೇಳಿ ತಿಂದರು.